ಹನ್ನೊಂದು ಗಂಟೆಗೆ ಹೋಗು

ಕಿರಿಯ ನರ್ಸ್ ಶಾಹಿದಾಗೆ ಎಂ.ಪಿ.ಎಚ್. ಸೀಟು ಸಿಕ್ಕ ದಿನ ಪಂಕಜಾಕ್ಷಿ ಸಿಸ್ಟರ್‌ಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ...

ಸಾರ್ವಜನಿಕ ಆರೋಗ್ಯದಲ್ಲಿ ದೊಡ್ಡ ಡಿಗ್ರಿ. ಅದೂ ಸಂಬಳ ಕೊಟ್ಟು ಇಲಾಖೆಯೇ ಓದಿಸುತ್ತದೆ!

ಅದೇ ಸೀಟಿಗೆ ಪಂಕಜಾಕ್ಷಿ ಮೂರು ಸಲ ಅರ್ಜಿ ಹಾಕಿದ್ದರು. ಮೂರನೆಯದು ವಯಸ್ಸು ಮೀರಿದೆ ಎಂದು ವಾಪಸ್ ಬಂದಿತ್ತು.

"ಸಿರಿಂಜ್ ಹಿಡಿಯೋದು ಕಲಿಸಿದ್ದೇ ನಾನು... ಈಗ ನನ್ನ ತಲೆ ಮೇಲೆ ಕೂರ್ತಾಳೆ!" ಎಂದು ಒಳಗೊಳಗೇ ಕುದಿದರು.

ಶಾಹಿದಾ ಆರೋಗ್ಯ ಕೇಂದ್ರದಲ್ಲೆಲ್ಲ ಮೈಸೂರುಪಾಕು ಹಂಚಿದಳು. ಪಂಕಜಾಕ್ಷಿ ಮಾತ್ರ "ನಂಗೆ ಶುಗರ್ ಇದೆ" ಎಂದು ಮುಖ ತಿರುಗಿಸಿದರು.

ಅವರಿಗೆ ಶುಗರ್ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಯಾವ ಡಾಕ್ಟರೂ ಮಾತ್ರೆ ಬರೆದುಕೊಡುವುದಿಲ್ಲ ನೋಡಿ...

ಒಂದೂವರೆ ವರ್ಷ ಕಳೆಯಿತು. ಕೊನೆಯ ಪ್ರಾಜೆಕ್ಟ್‌ಗೆ ಶಾಹಿದಾ ಅದೇ ಊರಿಗೆ ಬಂದಳು.

ಇಟ್ಟಿಗೆ ಗೂಡಿನ ಕಾಲೋನಿಯ ಮಕ್ಕಳಿಗೆ ಲಸಿಕೆ ಯಾಕೆ ತಪ್ಪುತ್ತಿದೆ? ಅದೇ ಅವಳ ವಿಷಯ. ಹತ್ತು ದಿನದಲ್ಲಿ ಅರವತ್ತು ತಾಯಂದಿರನ್ನು ಮಾತಾಡಿಸಬೇಕು. ಆಗದಿದ್ದರೆ ಡಿಗ್ರಿ ಕೈತಪ್ಪಿದಂತೆಯೇ.

"ಅಕ್ಕಾ, ನಾನು ಹೆರಿಗೆ ವಾರ್ಡ್ ಬಿಟ್ಟು ಹೊರಗೇ ಹೋದವಳಲ್ಲ. ಕಾಲೋನಿ ನಿಮಗೇ ಗೊತ್ತು. ಎಷ್ಟು ಹೊತ್ತಿಗೆ ಹೋದ್ರೆ ಸಿಗ್ತಾರೆ?"

ಬೆಳಿಗ್ಗೆ ಆರಕ್ಕೆ! ಏಳಕ್ಕೆಲ್ಲ ಹೆಂಗಸರು ಮಕ್ಕಳನ್ನೂ ಎತ್ತಿಕೊಂಡು ಗೂಡಿಗೆ ಹೋಗಿಬಿಡುತ್ತಾರೆ. ಪಂಕಜಾಕ್ಷಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆದರೂ ಬಾಯಿಗೆ ಬಂದದ್ದು ಬೇರೆ... "ಹನ್ನೊಂದು ಗಂಟೆಗೆ ಹೋಗು."

ಮೊದಲ ದಿನ ಎಲ್ಲ ಮನೆಗೂ ಬೀಗ. ಎರಡನೆಯ ದಿನವೂ ಬೀಗ. ಬಿಸಿಲಲ್ಲಿ ಬೆಂದು ಬಂದ ಅವಳ ಮುಖ ನೋಡಿ ಪಂಕಜಾಕ್ಷಿಗೆ ಹಾಲು ಕುಡಿದಷ್ಟು ಸಂತೋಷ.

ಮೂರನೆಯ ದಿನ ಶಾಹಿದಾ ಓಡೋಡಿ ಬಂದಳು. ಕಣ್ಣಲ್ಲಿ ನೀರು... ಬಂದವಳೇ ಪಂಕಜಾಕ್ಷಿಯ ಕೈ ಹಿಡಿದುಕೊಂಡಳು.

"ಅಕ್ಕಾ, ಹನ್ನೊಂದಕ್ಕೇ ಯಾಕೆ ಕಳಿಸಿದ್ರಿ ಅಂತ ಈಗ ಗೊತ್ತಾಯ್ತು! ನಮ್ಮ ಲಸಿಕೆ ಟೀಮ್ ಹೋಗೋದೂ ಹನ್ನೊಂದಕ್ಕೇ ಅಲ್ವಾ? ಆಗ ಮನೇಲಿ ಯಾರಿರ್ತಾರೆ? ನೀವು ಬಾಯಲ್ಲಿ ಹೇಳ್ಲಿಲ್ಲ, ಕಣ್ಣಾರೆ ತೋರಿಸಿದ್ರಿ. ನೀವು ನನ್ನ ಗುರು ಅಕ್ಕಾ!"

ಪಂಕಜಾಕ್ಷಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

ಆ ಟೀಮನ್ನು ವರ್ಷಗಟ್ಟಲೆ ಕರೆದುಕೊಂಡು ಹೋಗುತ್ತಿದ್ದವರು ಅವರೇ. ಗಾಡಿ ಬರುವುದೇ ಹತ್ತೂವರೆಗೆ ಎಂದು ಹನ್ನೊಂದಕ್ಕೆ ಹೋಗಿ, ಬೀಗದ ಬಾಗಿಲಿಗೆ 'ಮಗು ಸಿಗಲಿಲ್ಲ' ಎಂದು ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕಿ ಬರುತ್ತಿದ್ದವರೂ ಅವರೇ...

ಸುಮ್ಮನಿದ್ದಿದ್ದರೆ ಗುರುವಿನ ಪಟ್ಟ ಪುಕ್ಕಟೆ ಸಿಗುತ್ತಿತ್ತು. ಆದರೆ ಅವರಿಂದ ಆಗಲಿಲ್ಲ.

"ಗುರೂನೂ ಅಲ್ಲ, ಮಣ್ಣೂ ಅಲ್ಲ ಕಣೇ... ಹೊಟ್ಟೆ ಉರಿಗೆ ಕಳಿಸಿದೆ. ನೀನು ಫೇಲಾಗ್ಲಿ ಅಂತ!"

ಶಾಹಿದಾ ಹಿಡಿದಿದ್ದ ಕೈ ಬಿಟ್ಟಳು.

ಕಣ್ಣೊರೆಸಿಕೊಂಡು ಕೇಳಿದಳು... "ಬೆಳಿಗ್ಗೆ ಎಷ್ಟೊತ್ತಿಗೆ ಸಿಗ್ತಾರೆ, ಈಗ ನಿಜ ಹೇಳಿ."

"ಆರಕ್ಕೆ."

"ಹಾಗಾದ್ರೆ ನಾಳೆ ನೀವೂ ಬನ್ನಿ. ನಾನು ಕರೆದ್ರೆ ಯಾರು ಬಾಗಿಲು ತೆಗೀತಾರೆ? ನಿಮ್ಮ ದನಿ ಅವರಿಗೆ ಗೊತ್ತು."

ಮರುದಿನ ಆರಕ್ಕೆ ಪಂಕಜಾಕ್ಷಿ ಕಾಲೋನಿಯಲ್ಲಿದ್ದರು. ಡಾಕ್ಟರನ್ನು ಒಪ್ಪಿಸಿ ಲಸಿಕೆ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದರು.

ಮೊದಲ ಮನೆಯ ಬಾಗಿಲಲ್ಲಿ ತಮ್ಮದೇ ಕೈಯ ಇಂಟು ಗುರುತು ಕಂಡಿತು. ಸೆರಗಿನಿಂದ ಅದನ್ನು ಒರೆಸಿ, ಬಾಗಿಲು ತಟ್ಟಿದರು.

ಒಳಗಿನಿಂದ ಒಬ್ಬ ತಾಯಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಳು. "ಅಯ್ಯೋ ಸಿಸ್ಟರಮ್ಮ... ಇಷ್ಟು ವರ್ಷ ಈ ಹೊತ್ತಿಗೆ ಯಾಕೆ ಬರ್ಲಿಲ್ಲ?"

ಪಂಕಜಾಕ್ಷಿ ಅತ್ತುಬಿಟ್ಟರು. ಪಕ್ಕದಲ್ಲಿದ್ದ ಶಾಹಿದಾ ಮೆಲ್ಲಗೆ ಅವರ ಕೈ ಹಿಡಿದುಕೊಂಡಳು.

*ಪರರ ಏಳಿಗೆಗೆ ಉರಿಯುವವರಿಗೆ ತಮ್ಮ ಕೆಲಸದ ಕೊರತೆ ಕಾಣುವುದೇ ಇಲ್ಲ.*

ನಿಮ್ಮ ಹೊಟ್ಟೆಕಿಚ್ಚು ಇವತ್ತು ಯಾರನ್ನು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಿಸಿದೆ...?