ಜಜ್ಜಿದ ಬೀಗ

ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಚೀಲದಲ್ಲಿದ್ದ ಒಡೆದ ಬೀಗವನ್ನು ಮುಂದಿಟ್ಟಾಗ, ವಕೀಲೆ ತಂಗಿ ಮೇಜಿನಡಿ ಅಣ್ಣನ ಕಾಲು ತುಳಿದಳು. ತುಟಿಪಿಟಕ್ಕೆನ್ನಬೇಡ ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದಳು. ಅವರು ಠಾಣೆಗೆ ಬಂದದ್ದು ಹಳೆಯ ವಾರಂಟಿಗೆ ಶರಣಾಗಲು; ಈಗ ಅಂಗಡಿ ಕಳ್ಳತನದ ಗುಮಾನಿಯೂ ಅವನ ಮೇಲೆಯೇ.

ಮೂವತ್ತು ವರ್ಷ ಬೀಗ ರಿಪೇರಿ ಮಾಡಿದ ಅಣ್ಣ ಚೀಲವನ್ನು ಬೆಳಕಿಗೆ ಹಿಡಿದು ನೋಡಿ ಮುಖ ಸಿಂಡರಿಸಿದ.

"ಸಾರ್, ಜಗಳದ ಕೇಸಿಗೆ ಎರಡು ಸಲ ಕೋರ್ಟಿಗೆ ಹೋಗ್ಲಿಲ್ಲ, ತಪ್ಪು ನಂದೇ. ಆ ವಾರಂಟಿಗೆ ಒಳಗೆ ಹಾಕಿ. ಆದ್ರೆ ಇದನ್ನ ಯಾರೋ ಸುತ್ತಿಗೇಲಿ ಜಜ್ಜಿದಾರೆ. ಇದು ನನ್ನ ಕೆಲಸ ಅಂದ್ರೆ ನನ್ನ ಮಾನ ಏನಾಗ್ಬೇಕು? ನಾನು ತೆಗೆದ ಬೀಗಾನ ಮತ್ತೆ ಹಾಕಬಹುದು."

ತಂಗಿ ಮೆಲ್ಲನೆ ಕಾಲು ಹಿಂದಕ್ಕೆಳೆದುಕೊಂಡಳು.

"ಬರ್ಕೊಳ್ಳಿ ಸಾರ್," ಎಂದಳು, "ಅಣ್ಣ ಹೇಳಿದ ಹಾಗೇ."