ಮಡಚದ ಫೋನು

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಫೋನು ಮತ್ತೆ ಸತ್ತಿತು. ಮಾಲ್ಜಾ ಅದನ್ನು ಎರಡು ಸಲ ಅಲುಗಾಡಿಸಿದಳು, ಚಳಿಗೆ ಕಾಯಿಸಿದ ಕೋಣೆಯ ನೆಲಕ್ಕೆ ಒತ್ತಿ ಹಿಡಿದಳು, ಕೊನೆಗೆ ಬೈದಳು.

“ಹೊಸಾದಂತೆ. ಹೋದ ತಿಂಗಳು ಬಂದಿರೋದಂತೆ. ನನ್ನ ಮಂಡಿ ಇದಕ್ಕಿಂತ ಹೆಚ್ಚು ಹೊತ್ತು ಬಾಳುತ್ತೆ.”

ಎದುರಿಗೆ ಕೂತು ಕಿಮ್ಚಿ ಉಪ್ಪಿನಕಾಯಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಗೆಳತಿ ಜೊಮ್ನೆ ನಗಲಿಲ್ಲ. ಎರಡು ದಿನದಿಂದ ಅವರಿಬ್ಬರ ನಡುವೆ ನಗು ಕಡಿಮೆಯಾಗಿತ್ತು.

ಹಳೆಯದು ಮಡಚುವ ಫೋನು. ಮಾತು ಮುಗಿದ ಮೇಲೆ ಠಪ್ಪೆಂದು ಮಡಚಿ ಸೊಂಟಕ್ಕೆ ಸಿಕ್ಕಿಸಿದರೆ ನಾಲ್ಕು ದಿನ ಚಾರ್ಜಿನ ಗೊಡವೆಯಿರಲಿಲ್ಲ. ಈ ಹೊಸದನ್ನು ಬಾಮ್‌ಗೋಲ್ ಹಳ್ಳಿಯ ಮನೆಮನೆಗೂ ಕೊಡಿಸಿದವನು ಊರಿನ ಮುಖಂಡ ದಾಲ್ಸು. ಹಾಗಾಗಿ ದಿನಾ ಬೆಳಿಗ್ಗೆ ಎಂಟಕ್ಕೆ ಮಾಲ್ಜಾ ಅವನಿಗೇ ಫೋನು ಮಾಡಿ ಬೈಯುತ್ತಿದ್ದಳು.

“ನಂದೂ ಮಧ್ಯಾಹ್ನಕ್ಕೇ ಸಾಯುತ್ತೆ ಅಕ್ಕ, ಏನ್ಮಾಡ್ಲಿ,” ಎನ್ನುತ್ತಿದ್ದ ಅವನು. ಬೈದು ಮುಗಿಸಿ ಅವಳು ಫೋನನ್ನು ಠಪ್ಪೆಂದು ದಿಂಬಿನ ಮೇಲೆ ಬೋರಲು ಹಾಕುತ್ತಿದ್ದಳು.

ಶನಿವಾರ ಸಂಜೆ ಮುಖಂಡನನ್ನು ಆರಿಸುವ ಊರ ಸಭೆ. ಹನ್ನೆರಡು ವರ್ಷದಿಂದ ಮುಖಂಡನಾಗಿರುವ ದಾಲ್ಸುವಿನ ಎದುರು ಈ ಸಲ ಮಾಲ್ಜಾ ನಿಂತಿದ್ದಳು. ಅವಳಿಗೆ ಬೇಕಾದದ್ದು ಒಂದೇ. ಬಸ್ಸು ನಿಲ್ಲುವುದು ಗುಡ್ಡದ ಮೇಲೆ, ದಾಲ್ಸುವಿನ ಗೇಟಿನೆದುರು. ಊರಿನ ನೋಯುವ ಮಂಡಿಗಳೆಲ್ಲ ಇರುವುದು ಕೆಳಗೆ, ಹಳೇ ಬಾವಿಯ ಹತ್ತಿರ. ನಿಲ್ದಾಣ ಕೆಳಗಿಳಿಯಬೇಕು.

ಸೋಮವಾರ ಬೆಳಿಗ್ಗೆ ಅವಳು ಜೊಮ್ನೆಗೆ ಹೇಳಿದ್ದಳು, ಗೆದ್ದರೆ ಊರ ಭವನಕ್ಕೆ ಮೈ ಒತ್ತುವ ಕುರ್ಚಿ ತರಿಸುತ್ತೇನೆಂದು. ಸಂಜೆ ಊರ ಧ್ವನಿವರ್ಧಕದಲ್ಲಿ ದಾಲ್ಸು ಎಂದಿನಂತೆ ಎರಡು ಸಲ ಕೆಮ್ಮಿ, ಮೈ ಒತ್ತುವ ಕುರ್ಚಿ ಘೋಷಿಸಿದ. ಬುಧವಾರ ಬೆಳಿಗ್ಗೆ ಅವಳು ಬಸ್ ನಿಲ್ದಾಣಕ್ಕೆ ಬಿಸಿಯಾಗುವ ಬೆಂಚು ಎಂದಳು. ಸಂಜೆ ಎರಡು ಕೆಮ್ಮು, ಬಿಸಿ ಬೆಂಚು. ಅದೂ ಗುಡ್ಡದ ಮೇಲಿನ ನಿಲ್ದಾಣಕ್ಕೆ.

“ಕೋಣೇಲಿದ್ದೋರು ಇಬ್ರು,” ಎಂದಳು ಮಾಲ್ಜಾ ಈಗ. “ನಾನಂತೂ ಹೇಳಿಲ್ಲ.”

ಜೊಮ್ನೆಯ ಚಾಕು ನಿಂತಿತು. “ಅಂದ್ರೆ ನಾನಾ?”

“ಎಪ್ಪತ್ತಾದ್ರೂ ಒಂದು ಬಿಳಿ ಕೂದಲಿಲ್ಲ ಅಂತ ಅವನನ್ನ ಹೊಗಳ್ತಿದ್ದೋಳು ನೀನೇ ತಾನೆ?”

“ಕೂದ್ಲು ಹೊಗಳಿದ್ರೆ ನಿನ್ನ ಮಾರ್ದಂಗಾ?”

ಜೊಮ್ನೆ ಬುಟ್ಟಿ ಎತ್ತಿಕೊಂಡು ಎದ್ದಳು. ನಲವತ್ತು ವರ್ಷದ ಗೆಳೆತನದಲ್ಲಿ ಮೊದಲ ಸಲ ಬಾಗಿಲು ಮುಚ್ಚದೆ ಹೋದಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮಾಲ್ಜಾ ದಾಲ್ಸುವಿಗೆ ಫೋನು ಮಾಡಿದಳು. “ಇವತ್ತು ಇದನ್ನ ಪೇಟೆಗೆ ಒಯ್ದು ತೋರಿಸ್ತೀನಿ. ನೀನು ಎಂಥಾ ಡಬ್ಬ ಕೊಡಿಸಿದ್ದೀ ಅಂತ ಗೊತ್ತಾಗ್ಲಿ.” ಫೋನನ್ನು ಚೀಲಕ್ಕೆ ಎಸೆದು, ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿ, ಬಸ್ಸು ಹಿಡಿದಳು.

ರಿಪೇರಿ ಅಂಗಡಿಯ ಹುಡುಗಿ ಕಿತ್ತಳೆ ತಿನ್ನುತ್ತಿದ್ದಳು. ಮಾಲ್ಜಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ಇನ್ನೂ ಜೀವ ಇದೆ. ಹನ್ನೆರಡರೊಳಗೆ ನೋಡು. ಸಂಜೆ ನನಗೆ ದೊಡ್ಡ ಸಭೆ ಇದೆ.”

“ಏನ್ ಸಭೆ ಅಜ್ಜಿ?” ಹುಡುಗಿ ಕೈ ಒರೆಸಿಕೊಂಡಳು.

“ನೀನು ಪೇಟೆಯೋಳು, ನಿನಗೆ ಹೇಳ್ಬಹುದು. ಊರಲ್ಲಿ ಇದನ್ನ ಯಾರಿಗೂ ಹೇಳಿಲ್ಲ, ಜೊಮ್ನೆಗೂ. ನಮ್ಮ ಮುಖಂಡನ ತಲೆಗೂದಲು ಅಂಗಡೀದು. ಎರಡು ವರ್ಷದ ಹಿಂದೆ ಬಿರುಗಾಳಿಗೆ ಹಾರಿ ನನ್ನ ಮೆಣಸಿನ ಹೊಲಕ್ಕೆ ಬಿತ್ತು. ಸತ್ತ ಹೆಗ್ಗಣ ಅಂದ್ಕೊಂಡು ಕೋಲಲ್ಲಿ ತಿವಿದೆ. ಅಕ್ಕಿ ಡಬ್ಬೀಲಿ ಜೋಪಾನವಾಗಿದೆ. ಸಂಜೆ ಎಲ್ಲರ ಎದುರಿಗೆ ಮೇಜಿನ ಮೇಲೆ ಇಡ್ತೀನಿ.”

ಹುಡುಗಿ ನಗುತ್ತಲೇ ಫೋನನ್ನು ಮಗುಚಿದಳು. ನಗು ನಿಂತಿತು.

“ಅಜ್ಜಿ, ಬ್ಯಾಟರಿಗೆ ಏನೂ ಆಗಿಲ್ಲ. ಬೆಳಿಗ್ಗೆ ಎಂಟಕ್ಕೆ ಮಾಡಿದ ಕಾಲ್ ನೀವಿನ್ನೂ ಕಟ್ ಮಾಡಿಲ್ಲ. ನಿನ್ನೇದೂ ಮಧ್ಯಾಹ್ನದವರೆಗೆ ಇದೆ. ಮೊನ್ನೇದೂ.”

“ಹೆಂಗೆ ಕಟ್ ಮಾಡೋದು? ಇದನ್ನ ಮಡಚೋಕಾಗಲ್ವಲ್ಲ.”

ಹುಡುಗಿ ಸ್ಪೀಕರಿನ ಗುಂಡಿ ಒತ್ತಿದಳು.

ಫೋನಿನೊಳಗೆ ಯಾರೋ ಎರಡು ಸಲ ಕೆಮ್ಮಿದರು. “ಅಕ್ಕಾ, ಬಸ್ಸು ಬಾವಿ ಹತ್ರಾನೇ ನಿಲ್ಲಲಿ. ಆ ಹೆಗ್ಗಣ ಮಾತ್ರ ಡಬ್ಬೀಲೇ ಇರ್ಲಿ.”