ಕ್ಯಾಮೆರಾ ಇಟ್ಟ ಬೊಟ್ಟು

ರಂಗಂಪೇಟೆಯ ತನ್ನ ಸ್ಟುಡಿಯೋದಲ್ಲಿ ವಿಶ್ವರಾಧ್ಯ ಕ್ಯಾಮೆರಾದ ಲೆನ್ಸ್ ಬಿಚ್ಚಿ, ಅದರ ಹೊಟ್ಟೆಯೊಳಗೆ ರಬ್ಬರ್ ಬ್ಲೋವರ್‌ನಿಂದ ಪುಸ್ ಪುಸ್ ಎಂದು ಗಾಳಿ ಊದುತ್ತಿದ್ದ. ಒಳಗೆ ಕನ್ನಡಿಯ ಮೇಲ್ಗಡೆ ಅಂಚೆಚೀಟಿಯಷ್ಟಗಲದ ಒಂದು ತೆಳು ಹಾಳೆ ಇರುತ್ತದೆ, ಫೋಕಸಿಂಗ್ ಸ್ಕ್ರೀನ್ ಎಂದು ಅದರ ಹೆಸರು. ಕಿಂಡಿಗೆ ಕಣ್ಣಿಟ್ಟಾಗ ಕಾಣುವ ಚಿತ್ರ ಮೂಡುವುದು ಅದರ ಮೇಲೆಯೇ. ಅಲ್ಲೊಂದು ಕಣ ಹೋಗಿ ಕೂತಿತ್ತು. ಬೇರೇನೂ ಅಲ್ಲ, ಅವನ ಹಣೆಯದೇ ವಿಭೂತಿ. ದಿನಾ ಬೆಳಿಗ್ಗೆ ಮೂರು ಬೆರಳಿನಿಂದ ದಪ್ಪಗೆ ಎಳೆದುಕೊಳ್ಳುವುದು, ಲೆನ್ಸ್ ಬದಲಿಸುವಾಗ ತೆರೆದ ಕ್ಯಾಮೆರಾದ ಮೇಲೆಯೇ ಬಗ್ಗುವುದು. ಉದುರದೆ ಏನು ಮಾಡೀತು? ಹಣೆಯ ಮೇಲೆ ಬೆಳ್ಳಗಿದ್ದದ್ದು ಕಿಂಡಿಯಲ್ಲಿ ಕಪ್ಪು ಚುಕ್ಕಿಯಾಗಿತ್ತು. ಫೋಟೋದಲ್ಲಿ ಅದು ಬರುವುದಿಲ್ಲ, ತೆಗೆಯುವವನ ಕಣ್ಣಿಗಷ್ಟೇ ಕಾಟ.

ಊದಿ ಊದಿ ಕೈ ಸೋತಿತೇ ಹೊರತು ಚುಕ್ಕಿ ಹೋಗಲಿಲ್ಲ. ಮೂಲೆಯಲ್ಲಿ ತೆಪ್ಪಗಿದ್ದದ್ದು ನಡುಮಧ್ಯಕ್ಕೆ ಬಂದು ಗೌಡನ ಹಾಗೆ ಕೂತಿತು. ಬಟ್ಟೆಯಿಂದ ಒರೆಸಿದರೆ ಹಾಳೆಗೆ ಗೀರು ಬೀಳುತ್ತದೆ, ಹೊಸದು ಹಾಕಿಸಬೇಕೆಂದರೆ ಹೈದರಾಬಾದಿನಿಂದ ತರಿಸಬೇಕು. ಹಾಳಾಗಿ ಹೋಗಲಿ ಎಂದು ಲೆನ್ಸ್ ತಿರುಗಿಸಿ ಕೂರಿಸುವಷ್ಟರಲ್ಲಿ ಬಾಗಿಲಲ್ಲಿ ಜಗಳ ಕೇಳಿಸಿತು.

ಬಂದವರು ಕೃಷ್ಣಾ ದಂಡೆಯ ಹಳ್ಳಿಯ ಮರಿಲಿಂಗಮ್ಮ ಮತ್ತು ಆಕೆಯ ಸೊಸೆ ಮೌನಿಕಾ. ಸೊಸೆಯ ಕಂಕುಳಲ್ಲಿ ಐದು ತಿಂಗಳ ಹೆಣ್ಣುಕೂಸು. ಗೋಡೆಗೆ ಹಾಕಲು ಕೂಸಿನದೊಂದು ದೊಡ್ಡ ಫೋಟೋ ಬೇಕಿತ್ತು. ಅತ್ತೆ ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಡುತ್ತಿದ್ದಳು, ಸೊಸೆ ಸೆರಗಿನಿಂದ ಒರೆಸುತ್ತಿದ್ದಳು. ಬಸ್ಸು ಹತ್ತಿದಾಗಿನಿಂದ ಇದೇ ನಡೆದಿರಬೇಕು, ಕೂಸಿನ ಒಂದು ಗಲ್ಲ ಆಗಲೇ ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿತ್ತು.

"ಅತ್ತಿ, ಮನ್ಯಾಗ ದಿನಾ ಇಡ್ರಿ, ನಾ ಏನರೆ ಅಂದೀನೇನು? ಫೋಟೋದಾಗ ಮಾತ್ರ ಬ್ಯಾಡ. ನಾಳಿ ದೊಡ್ಡಾಕಿ ಆದ ಮ್ಯಾಲ ಮಸಿ ಮಾರಿ ಅಂತ ಮಂದಿ ನಗ್ತಾರ."

"ನಗಲಿ ಬಿಡು. ಮಂದಿ ನೆದರ ಸುಮ್ನ ಬಿಡತದೇನು? ಮೊದಲಿನ ಕೂಸಿಗೂ ನೀ ಹಿಂಗ ಒರಸಿ ಒರಸಿ..."

ಮರಿಲಿಂಗಮ್ಮ ತುಟಿ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೌನಿಕಾ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ತೀರಿಹೋದ ಆ ಕೂಸಿನ ಮಾತು ಎತ್ತಿದ್ದಕ್ಕೆ ಅತ್ತೆಗೂ ನೋವಾಯಿತು. ಆದರೆ ಅಂಜಿಕೆ ಅದಕ್ಕಿಂತ ದೊಡ್ಡದು. "ಬೊಟ್ಟಿಲ್ಲದ ಫೋಟೋ ಆಗಂಗಿಲ್ಲ ನೋಡು. ನಡಿ, ಊರಿಗೆ ಹೋಗೂಣು," ಅಂದಳು.

ಬಂದ ಗಿರಾಕಿ ಹಿಂಗೇ ಹೋಗುವುದೇ? ವಿಶ್ವರಾಧ್ಯ ಕೂಸನ್ನು ಇಸಿದುಕೊಂಡು ಗಲ್ಲ ಸ್ವಚ್ಛ ಒರೆಸಿ, ಮಖಮಲ್ ಬಟ್ಟೆಯ ಮೇಲೆ ಬೋರಲು ಮಲಗಿಸಿದ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಆಚೆ ಈಚೆ ಸರಿಸಿದ. "ಯವ್ವಾ, ಸಿಟ್ಟಾಗಬ್ಯಾಡ್ರಿ. ಇಲ್ಲಿ ಬಂದು ಈ ಕಿಂಡ್ಯಾಗ ಒಂದೀಟು ನೋಡ್ರಿ," ಅಂದ.

ಮರಿಲಿಂಗಮ್ಮನಿಗೆ ಒಂದೇ ಕಣ್ಣು ಮುಚ್ಚಲು ಬಾರದು. ಒಂದನ್ನು ಅಂಗೈಯಿಂದ ಒತ್ತಿಕೊಂಡು ಇಣುಕಿದಳು. ಕೂಸಿನ ಎಡಗಲ್ಲದ ಮೇಲೆ ಕರ್ರಗೆ ಬೊಟ್ಟು ಇತ್ತು.

"ಅದ ನೋಡು! ನಾ ಇಟ್ಟಿದ್ದಕ್ಕಿಂತ ದುಂಡಗ ಅದ. ಯಾರಿಟ್ರು?"

"ಕ್ಯಾಮೆರಾನ ಇಡತದ್ರಿ."

ಮೌನಿಕಾ ಗಾಬರಿಯಿಂದ ಹತ್ತಿರ ಬಂದಳು. "ಅಣ್ಣಾರ, ಫೋಟೋದಾಗ ಬರತದೇನ್ರಿ ಅದು?"

"ಇಲ್ಲ ತಂಗಿ," ಎಂದು ಅವನು ಬಟನ್ ಒತ್ತಿ, ಹಿಂದಿನ ಪರದೆಯಲ್ಲಿ ಫೋಟೋ ತೋರಿಸಿದ. ಹಾಲಿನಂಥ ಗಲ್ಲ, ಬೊಚ್ಚುಬಾಯಿಯ ನಗು. ಮೌನಿಕಾಳ ಮುಖ ಅರಳಿತು.

ಮರಿಲಿಂಗಮ್ಮ ಏನು ಹುಚ್ಚಿಯೇ? ಪರದೆ ನೋಡಿದಳು, ಕಿಂಡಿ ನೋಡಿದಳು, ಕೊನೆಗೆ ವಿಶ್ವರಾಧ್ಯನನ್ನೇ ದಿಟ್ಟಿಸಿದಳು. "ತಮ್ಮಾ, ನನ್ನ ಹುಚ್ಚಿ ಮಾಡಾಕತ್ತೀಯೇನು? ಒಳಗ ಏನದ ಖರೇ ಹೇಳು."

ಕ್ಯಾಮೆರಾ ಕೊಳೆಯಾಗಿದೆ ಎಂದು ಗಿರಾಕಿಗೆ ಹೇಳುವ ಫೋಟೋಗ್ರಾಫರ್ ಉಂಟೇ? ಆದರೂ ವಿಶ್ವರಾಧ್ಯ ಹಣೆ ಮುಟ್ಟಿಕೊಂಡು ಹೇಳಿಬಿಟ್ಟ: "ವಿಭೂತಿ ಅದ್ರಿ ಯವ್ವಾ. ನನ್ನ ಹಣಿದ ಉದುರಿ ಒಳಗ ಬಿದ್ದದ. ಮುಂಜಾನಿಂದ ಊದಾಕತ್ತೀನಿ, ಹೋಗವಲ್ದು."

"ವಿಭೂತೀನ?" ಮರಿಲಿಂಗಮ್ಮ ಕಣ್ಣು ಮುಚ್ಚಿ ಎರಡೂ ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಅಯ್ಯ ನಿನ್ನ, ಮದಲ ಹೇಳಬಾರದ? ಕಾಡಗಿ ಯಾಕ ಬೇಕು ಅದರ ಮುಂದ? ತೆಗಿಬ್ಯಾಡ ತಮ್ಮಾ ಅದನ್ನ. ನಾಕು ಮಂದಿ ಕೂಸುಗೊಳಿಗೆ ಬೇಕಾಗತದ, ಪುಣ್ಯಾ ಬರತದ ನಿನಗ."

ಕಾಡಿಗೆ ಡಬ್ಬಿ ಸೊಂಟದ ಚೀಲ ಸೇರಿತು. ವಿಶ್ವರಾಧ್ಯ ಇನ್ನೆರಡು ಫೋಟೋ ತೆಗೆದ. ಕೂಸು ಬಟ್ಟೆ ಒದ್ದೆ ಮಾಡಿತು, ಮೌನಿಕಾ ನಗುತ್ತಾ ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಮರಿಲಿಂಗಮ್ಮ ಮತ್ತೆ ಕಿಂಡಿಗೆ ಕಣ್ಣು ಹಚ್ಚಿದ್ದಳು. ಸ್ಟ್ಯಾಂಡಿನ ಹಿಡಿ ಹಿಡಿದು ತಾನೇ ಕ್ಯಾಮೆರಾ ತಿರುಗಿಸತೊಡಗಿದಳು. ಎಲ್ಲಿ ಬೀಳಿಸುತ್ತಾಳೋ ಎಂದು ವಿಶ್ವರಾಧ್ಯ ಓಡಿಬಂದ. ಕ್ಯಾಮೆರಾ ಕೂಸನ್ನು ಬಿಟ್ಟು ಮೇಲೇರಿ ಮೌನಿಕಾಳ ಮುಖಕ್ಕೆ ಬಂದು ನಿಂತಿತು.

"ಅತ್ತಿ, ಕೂಸು ಕೆಳಗದ ರೀ."

"ಕೂಸಿಂದು ಆತು. ಕೂಸಿನ ಅವ್ವಂದು ಆಗಿಲ್ಲ. ಅಲಗಾಡಬ್ಯಾಡ, ಸುಮ್ಮ ನಿಂದರು."

ಮೌನಿಕಾ ಎಡಗಲ್ಲವನ್ನು ತುಸು ಮುಂದೆ ಮಾಡಿ, ಉಸಿರು ಬಿಗಿಹಿಡಿದು ನಿಂತಳು.